ಹಲಗೆ ಬೇಲಿಯ ಮುಂದೆ ಮುಖ ಸವರಿಕೊಂಡವನು

ಕಂತು ೭

ನಲವತ್ತೊಂದನೆಯ ಫೋಟೋದಲ್ಲೂ ಶೆರಿಪ್ ಮುಖ ಸವರಿಕೊಳ್ಳುತ್ತಿದ್ದ.

ನಾನು ಭೂತಗನ್ನಡಿಯನ್ನು ಕೆಳಗಿಟ್ಟು ಕಣ್ಣು ಉಜ್ಜಿಕೊಂಡೆ. ನೆಲದ ಕಂಬಳಿಯ ಮೇಲೆ ಮುನ್ನೂರ ಅರವತ್ತೈದು ಫೋಟೋಗಳು. ಕಾಲಿಡಲು ಜಾಗವಿಲ್ಲ. ಎರಡು ದಿನದಿಂದ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಬರುತ್ತಿದ್ದೇನೆ. ಐವತ್ತೊಂಬತ್ತು ವರ್ಷದ ಮಂಡಿಗೆ ಇದೆಲ್ಲ ಬೇಕಿತ್ತಾ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಆಯಿತು.

ಬುರುಲ್ ಕೋಟು ಕೂಡ ಬಿಚ್ಚದೆ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಗಂಡ ಎಸೆನ್ ಹೋದ ವರ್ಷ ರಷ್ಯಾಕ್ಕೆ ಕೂಲಿಗೆ ಹೋದ ಎಂದು ಕರಕೋಲ್ ಊರಿಗೆ ಊರೇ ಹೇಳುತ್ತದೆ. ಹೋಗಿಲ್ಲ ಎನ್ನುವವಳು ಇವಳೊಬ್ಬಳೇ.

"ಏನಾದ್ರೂ ಸಿಕ್ತಾ ಜೂರಕ್ಕ?"

"ಸಿಕ್ಕಿದ್ರೆ ಹೇಳಲ್ವಾ? ಟೀ ಕುಡಿ, ಆರಿಹೋಗ್ತಿದೆ."

"ಮೂರನೇ ಸಲ ಹೇಳ್ತಿದೀರಿ."

"ಮೂರು ಸಲ ಹೇಳಿದ್ರೂ ಕುಡಿದಿಲ್ವಲ್ಲ. ಏನು ಹಠಮಾರಿನಮ್ಮಾ ನೀನು!"

ಹಠಮಾರಿಯೇ. ಠಾಣೆಯಲ್ಲಿ ಅವಳು ಕೊಟ್ಟ ಕಾರಣ ಕೇಳಿ ಅಲ್ಲಿನವರು ನಕ್ಕಿದ್ದರಂತೆ. ನಮ್ಮ ಕಡೆ ಊರು ಬಿಟ್ಟು ಹೋಗುವವನು ಮನೆಯ ರೊಟ್ಟಿಯಲ್ಲಿ ಒಂದು ಚೂರಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೊಸ್ತಿಲು ದಾಟುತ್ತಾನಾ? ಎಸೆನ್ ಅವತ್ತು ರೊಟ್ಟಿ ಮುಟ್ಟಿರಲಿಲ್ಲ. ಆದ್ದರಿಂದ ಅವನು ಸಂಜೆ ಮನೆಗೆ ಬರುವವನೇ ಆಗಿದ್ದ. ಅವಳ ಸಾಕ್ಷಿ ಇಷ್ಟೇ.

ಸಂಜೆ ಬಂದದ್ದು ಅವನ ಫೋನಿನಿಂದ ಒಂದು ಸಂದೇಶ. 'ರಷ್ಯಾಕ್ಕೆ ಹೊರಟೆ. ಅಲ್ಲಿ ಹೋಗಿ ಫೋನ್ ಮಾಡ್ತೀನಿ.' ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಆ ಫೋನನ್ನು ಯಾರೂ ಎತ್ತಲಿಲ್ಲ.

"ಅಲ್ಲಿ ಇನ್ನೊಬ್ಬಳನ್ನ ಇಟ್ಕೊಂಡಿರ್ತಾನೆ ಬಿಡಮ್ಮ" ಎಂದು ಠಾಣೆಯವರು ಸಮಾಧಾನ ಹೇಳಿ ಕಳಿಸಿದ್ದರು. ಪೊಲೀಸ್ ಕೆಲಸದಲ್ಲಿ ಇಪ್ಪತ್ತಾರು ವರ್ಷ ಇದ್ದವಳು ನಾನು. ಇದೇ ಮಾತನ್ನು ನಾನೂ ಎಷ್ಟು ಹೆಂಗಸರಿಗೆ ಹೇಳಿ ಕಳಿಸಿದ್ದೇನೋ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅದರ ಮಾರನೆಯ ದಿನದಿಂದ ಬುರುಲ್ ಫೋಟೋ ತೆಗೆಯಲು ಶುರು ಮಾಡಿದಳು. ಗಂಡನದೇ ಹಳೆಯ ಪುಟ್ಟ ಕ್ಯಾಮೆರಾ. ದಿನಕ್ಕೊಂದೇ ಫೋಟೋ. ಹೊಲಿಗೆಮನೆಯ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ, ಹಳೇ ಗಿರಣಿ ಬೀದಿಯಲ್ಲಿ ಬಾಗಿಲು ಹಾಕಿಹೋದ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು. ಎಸೆನ್ ಕೊನೆಗೆ ಕೆಲಸ ಮಾಡಿದ್ದು ಆ ಬೀದಿಯಲ್ಲಿ. ಬಂದರೆ ಆ ಬೀದಿಯಿಂದಲೇ ಬರುತ್ತಾನೆ ಎಂದು ಅವಳ ಲೆಕ್ಕ.

"ಬಂದಾಗ ತೋರಿಸ್ಬೇಕಲ್ಲಕ್ಕ. ತಾನಿಲ್ದೇ ಇದ್ದಾಗ ಏನೇನಾಯ್ತು ಅಂತ ಗೊತ್ತಾಗ್ಬೇಡ್ವಾ ಅವನಿಗೆ" ಎಂದಿದ್ದಳು ಮೊದಲ ದಿನ, ಬೂಟಿನ ಡಬ್ಬಿಯಲ್ಲಿ ತುಂಬಿಕೊಂಡು ತಂದು ನನ್ನ ಮುಂದಿಟ್ಟಾಗ. ಪ್ರತಿ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಸಾಲು. 'ಇವತ್ತು ಮೊದಲ ಹಿಮ.' 'ಬೇಕರಿಯವರ ನಾಯಿ ಮರಿ ಹಾಕಿದೆ, ನಾಲ್ಕು.' 'ಹಾಲಿನ ಗಾಡಿ ಮಗುಚಿತು, ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗ್ತಿದ್ದೆ.' 'ಇವತ್ತು ಬರೆಯೋಕೆ ಏನೂ ಇಲ್ಲ.'

ಈ ಕೊನೆಯ ಸಾಲು ಮೂವತ್ತಕ್ಕೂ ಹೆಚ್ಚು ಫೋಟೋಗಳ ಹಿಂದೆ ಇತ್ತು.

ನಿಜ ಹೇಳಲಾ? ಅದನ್ನೆಲ್ಲ ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ನಾನು ನಾಳೆ ಕಾಣೆಯಾದರೆ ನನಗೋಸ್ಕರ ಯಾರು ಒಂದು ಫೋಟೋ ತೆಗೆದಾರು? ಮದುವೆ ಬೇಡವೆಂದು ಕೆಲಸವನ್ನೇ ಕಟ್ಟಿಕೊಂಡೆ. ಕೆಲಸ ಮುಗಿದ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಟಿಕ್ ಟಿಕ್ ಎನ್ನುವುದೇ ನನ್ನ ಮನೆಯಲ್ಲಿನ ಮಾತುಕತೆ.

ಇರಲಿ. ಶೆರಿಪನ ವಿಷಯಕ್ಕೆ ಬರುತ್ತೇನೆ.

ಶೆರಿಪ್ ಹಳೇ ಗಿರಣಿ ಬೀದಿಯವನು. ಮೂವತ್ತು ವರ್ಷ ಸರೋವರದ ದಂಡೆಯ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಬೆಟ್ಟ ಹತ್ತಲು ಬರುವ ವಿದೇಶಿಯರಿಗೆಂದು ತನ್ನ ಮನೆಯೆದುರಿನ ಖಾಲಿ ಜಾಗದಲ್ಲಿ ಒಂದು ಅತಿಥಿಗೃಹ ಕಟ್ಟಲು ಹೊರಟಿದ್ದ. ಎಸೆನ್ ಕೊನೆಯ ವಾರ ಕೆಲಸ ಮಾಡಿದ್ದು ಅಲ್ಲೇ, ತಳಪಾಯಕ್ಕೆ ಹಲಗೆ ಕೂರಿಸುವ ಕೆಲಸ. "ಕೆಲಸ ಮುಗಿಸಿ ರಷ್ಯಾಕ್ಕೆ ಹೋಗ್ತೀನಿ ಅಂದು ಹೋದ" ಎಂದು ಎಲ್ಲರಿಗೂ ಹೇಳಿದವನು ಶೆರಿಪನೇ. ಶೆರಿಪ್ ಹೇಳಿದ ಮೇಲೆ ಮುಗಿಯಿತು. ಬಸ್ಸಿನಲ್ಲಿ ಯಾರೋ ಮರೆತ ಕೊಡೆಯನ್ನು ಅವರ ಮನೆಗೇ ಹುಡುಕಿಕೊಂಡು ಹೋಗಿ ಕೊಟ್ಟುಬರುತ್ತಿದ್ದ ಮನುಷ್ಯ ಅವನು.

ಆ ತಳಪಾಯ ಈಗಲೂ ತಳಪಾಯವೇ. ಸುತ್ತ ಹಲಗೆ ಬೇಲಿ, ಒಳಗೆ ಆಳೆತ್ತರ ತುರುಚೆ ಗಿಡ. ಒಂದೇ ಒಂದು ಇಟ್ಟಿಗೆ ಏರಿಲ್ಲ. "ಶೆರಿಪನ ಹೋಟೆಲಿನಲ್ಲಿ ಸದ್ಯಕ್ಕೆ ಎರಡು ಬೆಕ್ಕು ಇಳ್ಕೊಂಡಿವೆ" ಎಂದು ಬೀದಿಯವರು ಆಡಿಕೊಳ್ಳುತ್ತಾರೆ.

ಅವನು ದಿನಾ ಬೆಳಿಗ್ಗೆ ರೊಟ್ಟಿ ತರಲು ಹೋಗುವ ಹೊತ್ತೂ ಬುರುಲ್ ಮೆಟ್ಟಿಲ ಮೇಲೆ ನಿಲ್ಲುವ ಹೊತ್ತೂ ಒಂದೇ. ಎಪ್ಪತ್ತನಾಲ್ಕು ಫೋಟೋಗಳಲ್ಲಿ ಅವನಿದ್ದ. ಬೇಲಿಯಲ್ಲಿ ಒಂದು ಕಡೆ ಹಲಗೆ ಮುರಿದು ಸಂದಾಗಿದೆ. ಆ ಸಂದಿನ ಎದುರಿಗೇ ಅವನು ಸಿಕ್ಕಿಬಿದ್ದ ಫೋಟೋಗಳನ್ನು ಬೇರೆ ಮಾಡಿದೆ. ನಲವತ್ತೊಂದು. ನಲವತ್ತೊಂದರಲ್ಲೂ ಎರಡೂ ಅಂಗೈ ಮುಖದ ಮೇಲೆ.

ಮೊದಲಿಗೆ ಚಳಿ ಎಂದುಕೊಂಡೆ. ಆದರೆ ಜುಲೈನಲ್ಲಿ ಎಲ್ಲಿಯ ಚಳಿ? ಜುಲೈ ಹನ್ನೊಂದರ ಫೋಟೋದಲ್ಲಿ ಅವನ ಕಾಲ ಬಳಿ ನೆಲದ ಮೇಲೆ ಒಂದು ದೊಡ್ಡ ಕಲ್ಲಂಗಡಿ ಇತ್ತು. ಕೈ ಖಾಲಿ ಮಾಡಿಕೊಳ್ಳಲೆಂದೇ ಕೆಳಗಿಟ್ಟಿದ್ದ. ಜನವರಿಯಲ್ಲಿ ಕೈಗವಸು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ, ಮಂಜು ಮೂವತ್ತು ಅಂಗುಲ ಬಿದ್ದಿರುವಾಗ.

ಗೋರಿಗಳ ಪಕ್ಕ ಹಾದುಹೋಗುವಾಗ ನಾವೆಲ್ಲ ಹೀಗೆಯೇ ಮಾಡುವುದು. ಅಂಗೈ ಎತ್ತಿ, ತುಟಿಯಲ್ಲೇ ಎರಡು ಮಾತು ಹೇಳಿ, ಹಣೆಯಿಂದ ಗಲ್ಲದವರೆಗೆ ಸವರಿ 'ಓಮಿನ್' ಎನ್ನುವುದು. ಬಸ್ಸಿನವರಂತೂ ಸ್ಟಿಯರಿಂಗ್ ಬಿಟ್ಟು ಮಾಡುತ್ತಾರೆ, ಒಳಗಿದ್ದವರ ಜೀವ ಬಾಯಿಗೆ ಬಂದಿರುತ್ತದೆ. ಮಾಡುತ್ತಿದ್ದೇವೆಂದು ನಮಗೇ ಅರಿವಿರುವುದಿಲ್ಲ, ಚಿಕ್ಕಂದಿನಿಂದ ಕೈಗೆ ಹತ್ತಿದ ರೂಢಿ.

ಹಳೇ ಗಿರಣಿ ಬೀದಿಯಲ್ಲಿ ಗೋರಿ ಇಲ್ಲ. ವರ್ಷದಲ್ಲಿ ಆ ಸಂದಿನ ಮುಂದೆ ಹಾದುಹೋದ ಬೇರೆ ಯಾರೂ ಕೈ ಎತ್ತಿಲ್ಲ, ನೋಡಿದೆ. ಶಾಲೆಯ ಹುಡುಗಿಯರಿಲ್ಲ, ಹಾಲಿನವಳಿಲ್ಲ. ಮಸೀದಿಯ ಮೌಲ್ವಿ ಎಂಟು ಫೋಟೋಗಳಲ್ಲಿದ್ದಾನೆ, ಎಂಟರಲ್ಲೂ ಮೂಗಿಗೆ ಫೋನು ಹಿಡಿದು ನಡೆಯುತ್ತಿದ್ದಾನೆ.

ಅಲ್ಲಿ ಒಬ್ಬರು ಮಲಗಿದ್ದಾರೆ, ಅದು ಶೆರಿಪನೊಬ್ಬನಿಗೇ ಗೊತ್ತು.

"ಜೂರಕ್ಕ, ಯಾಕೆ ಸುಮ್ಮನಾದ್ರಿ?"

ಅವಳ ಮುಖ ನೋಡಿದೆ. ಮೂವತ್ತೆರಡು ವರ್ಷ ಇರಬಹುದು. ಒಂದು ವರ್ಷದಿಂದ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಯಾವುದೋ ಒಂದು ಎಂದು ಯಾರಾದರೂ ಹೇಳಿದರೆ ಸಾಕು ಎಂದೇ ನನ್ನ ಬಾಗಿಲಿಗೆ ಬಂದಿದ್ದಳು. ಆದರೆ ನೆಲದ ಮೇಲೆ ಹರಡಿರುವ ಅಷ್ಟೂ ಫೋಟೋಗಳಲ್ಲಿ ಆ ಬೇಲಿ ಇದೆಯಲ್ಲ, ನಡುಮಧ್ಯದಲ್ಲಿ! ಖಚಿತವಾಗದೆ ಹೇಗೆ ಬಾಯಿ ಬಿಡಲಿ?

"ಏನಿಲ್ಲ. ಈ ಶೆರಿಪ್ ಯಾವಾಗ್ಲೂ ಮುಖ ಹಿಡ್ಕೊಂಡಿರ್ತಾನಲ್ಲ, ಹಲ್ಲುನೋವು ಇರ್ಬೇಕು" ಎಂದೆ.

"ಓ, ಹೌದಾ" ಎಂದಳು ಬುರುಲ್. ಒಂದು ನಿಮಿಷ ನನ್ನನ್ನೇ ನೋಡಿ ಎದ್ದು ಹೋದಳು. ಟೀ ಹಾಗೇ ಉಳಿಯಿತು.

*

ಅವತ್ತು ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಹಳೇ ಗಿರಣಿ ಬೀದಿಗೆ ಹೋಗಿ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ನಿಂತೆ.

ಬೀದಿ ಖಾಲಿಯಿತ್ತು. ಪಾಪ್ಲರ್ ಮರಗಳ ಹಳದಿ ಎಲೆ ಕಾಲುವೆಯಲ್ಲಿ ತುಂಬಿ ನೀರು ಕಾಣುತ್ತಿರಲಿಲ್ಲ. ಬೆಟ್ಟದ ತಲೆಗೆ ಆಗಲೇ ಬಿಳಿ ಹತ್ತಿತ್ತು. ವರ್ಷವಿಡೀ ಒಬ್ಬಳು ಇಲ್ಲಿ ನಿಂತು ಕಾದಿದ್ದಾಳೆ, ಮೆಟ್ಟಿಲ ಮೇಲೆ ಅದರ ಗುರುತೇ ಇಲ್ಲವಲ್ಲ ಎನ್ನಿಸಿತು. ಮುನ್ನೂರ ಅರವತ್ತೈದಕ್ಕೆ ನಿಲ್ಲಿಸಬೇಕೆಂದಿದ್ದಳಂತೆ. ಆಗಲಿಲ್ಲ, ಇವತ್ತು ಬೆಳಿಗ್ಗೆಯೂ ಇಲ್ಲಿ ನಿಂತು ಹೋಗಿದ್ದಳು.

ಶೆರಿಪ್ ಬಂದ. ಬಲಗೈಯಲ್ಲಿ ಹಾಲಿನ ಕ್ಯಾನು, ಎಡ ಕಂಕುಳಲ್ಲಿ ಬಟ್ಟೆ ಸುತ್ತಿದ ಎರಡು ರೊಟ್ಟಿ.

"ಏನಮ್ಮಾ ಜೂರಾ, ರಿಟೈರಾದ್ಮೇಲೂ ಬೀದಿ ಕಾಯೋ ಕೆಲಸ ಬಿಟ್ಟಿಲ್ವಾ?"

"ಮನೇಲಿ ಕೂತ್ರೆ ಟಿವಿ ಬಿಟ್ರೆ ಮಾತಾಡ್ಸೋರಿಲ್ಲಣ್ಣ. ನಿಮ್ಮನ್ನಾದ್ರೂ ಮಾತಾಡ್ಸೋಣ ಅಂತ ಬಂದೆ."

"ನಾನೂ ಅದೇ ಜಾತಿಯವನೇ ಕಣಮ್ಮ. ನನ್ನವಳು ಹೋದ್ಮೇಲೆ ಹಸು ಜೊತೆ ಮಾತಾಡ್ತಿದ್ದೆ. ಅದೂ ಬೇಸರ ಬಂದು ಹಾಲು ಕೊಡೋದು ನಿಲ್ಲಿಸ್ತು. ಈಗ ನೋಡು, ಪಕ್ಕದ ಬೀದಿಯಿಂದ ಹಾಲು ತರ್ತಿದೀನಿ."

ಇಬ್ಬರೂ ನಕ್ಕೆವು. ಪಕ್ಕಪಕ್ಕದಲ್ಲಿ ನಡೆದೆವು. ನಾನು ಸೇಬಿನ ಫಸಲು, ಮಂಡಿನೋವು ಎಂದು ಏನೇನೋ ಮಾತಾಡುತ್ತಿದ್ದೆ. ಕಣ್ಣು ಮಾತ್ರ ಅವನ ಕೈ ಬಿಟ್ಟು ಕದಲಲಿಲ್ಲ.

ಬೇಲಿಯ ಸಂದು ಬಂತು. ಶೆರಿಪ್ ಮಾತು ನಿಲ್ಲಿಸಲೂ ಇಲ್ಲ. "ಈ ಸಲ ಸೇಬು ಚೆನ್ನಾಗಿ ಕೆಂಪಾಗಿದೆ ಕಣೇ" ಎನ್ನುತ್ತಲೇ ಕ್ಯಾನನ್ನು ನೆಲಕ್ಕಿಟ್ಟ, ಎರಡೂ ಅಂಗೈ ಎತ್ತಿದ, ಮುಖ ಸವರಿಕೊಂಡ. ಮತ್ತೆ ಕ್ಯಾನಿಗೆ ಬಗ್ಗಿದ.

"ಯಾರಿಗಣ್ಣ?" ಎಂದೆ.

"ಏನು ಯಾರಿಗೆ?"

"ಈಗ ಪ್ರಾರ್ಥನೆ ಮಾಡಿದ್ರಲ್ಲ. ಸತ್ತಿರೋದು ಯಾರು?"

ಬಗ್ಗಿದವನು ಬಗ್ಗಿದಂತೆಯೇ ಉಳಿದ. ಆಮೇಲೆ ನಿಧಾನ ಎದ್ದು ತನ್ನ ಅಂಗೈಗಳನ್ನೇ ನೋಡಿಕೊಂಡ. ಪಾಪ, ಈಗಷ್ಟೇ ತಾನೇನು ಮಾಡಿದೆನೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಧೂಳು... ಕಣ್ಣಿಗೆ ಧೂಳು ಬಿತ್ತು."

ನಾನು ಕೋಟಿನ ಜೇಬಿನಿಂದ ಫೋಟೋಗಳನ್ನು ತೆಗೆದೆ. "ಇದು ಜನವರಿ. ಇದು ಮಾರ್ಚ್, ನೌರುಜ್ ಹಬ್ಬದ ದಿನ. ಇದು ನಿಮ್ಮ ಕಲ್ಲಂಗಡಿ. ಇನ್ನೂ ಮೂವತ್ತೆಂಟು ಮನೇಲಿವೆ. ವರ್ಷವೆಲ್ಲ ಇದೊಂದೇ ಜಾಗದಲ್ಲಿ ಧೂಳು ಬೀಳುತ್ತಾ ಶೆರಿಪಣ್ಣ?"

ಅವನು ಒಂದೊಂದನ್ನೂ ಹತ್ತಿರ ಹಿಡಿದು ನೋಡಿದ.

"ಆ ಹುಡುಗಿ ಬೀದಿ ಫೋಟೋ ತೆಗೀತಾಳೆ ಅಂದ್ಕೊಂಡಿದ್ದೆ" ಎಂದ. "ನನ್ನನ್ನ ತೆಗೀತಿದಾಳೆ ಅಂತ ಗೊತ್ತಿರಲಿಲ್ಲ."

"ಯಾರಿದಾರೆ ಅಲ್ಲಿ?"

"ಒಳಗೆ ಬಾರಮ್ಮ. ಬೀದೀಲಿ ಬೇಡ. ನಿನ್ನ ದಮ್ಮಯ್ಯ ಅಂತೀನಿ."

*

ಅವನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಬೇಲಿ ಎದುರಿಗೇ ಕಾಣುತ್ತದೆ. ಅವನು ಕಿಟಕಿಗೆ ಬೆನ್ನು ಹಾಕಿ ಕೂತ. ಹಾಲು ಹಾಕಿದ ಉಪ್ಪು ಟೀ ಮಾಡಿದ, ತಟ್ಟೆಗೆ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡುಗಳನ್ನು ಸುರಿದ, ಕರಂಟ್ ಹಣ್ಣಿನ ಜಾಮ್ ತೆಗೆದಿಟ್ಟ. ಕೊಲೆಯ ವಿಷಯ ಕೇಳಲು ಬಂದವಳಿಗೂ ಉಪಚಾರ ತಪ್ಪಿಸಲಾರ.

"ಎಸೆನ್‌ನ ಕೊಂದು ಅಲ್ಲಿ ಹಾಕಿದೀರಾ?" ನಾನು ನೇರವಾಗಿ ಕೇಳಿದೆ.

"ಅಯ್ಯಯ್ಯೋ! ಅಲ್ಲಿರೋದು ಎಸೆನ್ ಅಲ್ಲ ಕಣಮ್ಮ!"

"ಮತ್ಯಾರು?"

"ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಎಸೆನ್ ಕೊಂದಿದಾನೆ. ಕೊಂದು ಅಲ್ಲಿ ಹಾಕಿದಾನೆ. ಅವನು ಸತ್ತಿಲ್ಲ, ಚೆನ್ನಾಗಿ ಬದುಕಿದಾನೆ."

ನಾನು ಟೀ ಬಟ್ಟಲನ್ನು ಕೆಳಗಿಟ್ಟೆ. "ಮೊದಲಿಂದ ಹೇಳಿ."

"ಅವತ್ತು ಸಂಜೆ ನಾನು ಮಗಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದ್ರೆ ತಳಪಾಯಕ್ಕೆ ಸಿಮೆಂಟು ಬಿದ್ದುಬಿಟ್ಟಿದೆ! ಮುಂದಿನ ವಾರ ಹಾಕೋಣ ಅಂದಿದ್ದೆ ನಾನು. ಎಸೆನ್ ಇಲ್ಲ. ಅಷ್ಟರಲ್ಲಿ ಫೋನು ಬಂತು, ಅವನ ನಂಬರಿಂದಲೇ. ಅಣ್ಣ, ಯಾವನೋ ಕುಡುಕ ಬಂದು ಜಗಳ ತೆಗೆದ, ತಳ್ಳಿದೆ, ಗುಂಡೀಲಿ ಬಿದ್ದು ತಲೆ ಒಡೀತು, ಉಸಿರು ಹೋಯ್ತು, ಹೆದರಿ ಸಿಮೆಂಟು ಸುರಿದುಬಿಟ್ಟೆ ಅಂದ. ನಾನು ಗಡಿ ದಾಟಿ ಹೋಗ್ತಿದೀನಿ, ಬಾಯಿ ಬಿಟ್ರೆ ಜಾಗ ನಿಮ್ದು, ನೀವೂ ಒಳಗೆ ಹೋಗ್ತೀರಿ ಅಂದ."

"ನೀವು ಬಾಯಿ ಮುಚ್ಕೊಂಡ್ರಿ."

"ಮುಚ್ಕೊಂಡೆ." ಅವನು ತಲೆ ತಗ್ಗಿಸಿದ. "ಹೇಡಿ ಅನ್ನು, ಏನಾದ್ರೂ ಅನ್ನು. ಆದ್ರೆ ಯಾರದೋ ಮಗ, ಮಣ್ಣು ಕೊಡೋರಿಲ್ಲ, ಪ್ರಾರ್ಥನೆ ಮಾಡೋರಿಲ್ಲ. ಹಂಗೇ ಹೆಂಗಮ್ಮ ಅವನ ಮುಂದೆ ದಿನಾ ಓಡಾಡೋದು? ಅವನ ಮೇಲೆ ಹೋಟೆಲು ಹೆಂಗೆ ಕಟ್ಲಿ? ಒಂದು ಇಟ್ಟಿಗೆ ಇಡೋಕೆ ಕೈ ಬರಲಿಲ್ಲ."

ಬೈಯಬೇಕೆಂದುಕೊಂಡಿದ್ದೆ. ಆದರೆ ವರ್ಷವೆಲ್ಲ ಒಬ್ಬ ಗುರುತಿಲ್ಲದವನಿಗೆ ಇವನೊಬ್ಬನೇ ಬಂಧುವಾಗಿದ್ದ.

"ಎಸೆನ್ ಆಮೇಲೆ ಫೋನ್ ಮಾಡಿದಾನಾ?"

"ಪ್ರತಿ ಶುಕ್ರವಾರ ಮಾಡ್ತಾನೆ. ನಮಾಜಿಂದ ನಾನು ಬರೋ ಹೊತ್ತಿಗೆ. ಈಗ ರಷ್ಯಾದ ನಂಬರು."

"ಏನು ಮಾತಾಡ್ತಾನೆ?"

"ಬುರುಲ್ ಬಗ್ಗೆ ಕೇಳ್ತಾನೆ. ಫೋಟೋ ತೆಗೆಯೋ ವಿಷಯ ಒಂದು ಸಲ ನಾನೇ ಬಾಯಿ ತಪ್ಪಿ ಹೇಳಿದ್ದೆ. ಅವತ್ತಿಂದ ಅದೇ ಪ್ರಶ್ನೆ. ಇವತ್ತೂ ತೆಗೆದ್ಲಾ, ತೆಗೆಯೋವಾಗ ಬೀದೀಲಿ ಯಾರ್ಯಾರಿದ್ರು. ಹೆಂಡತಿ ಮೇಲೆ ಎಷ್ಟು ಆಸೆ ನೋಡು ಅಂತ ನನಗೆ ಕಣ್ಣಲ್ಲಿ ನೀರು ಬರ್ತಿತ್ತು."

ನನಗೆ ಬರಲಿಲ್ಲ. ಹೆಂಡತಿಯ ಮೇಲೆ ಆಸೆಯಿದ್ದವನು ಅವಳು ಹೇಗಿದ್ದಾಳೆ, ಊಟ ಮಾಡುತ್ತಾಳಾ, ಸೌದೆ ತಂದಳಾ ಎಂದು ಕೇಳುತ್ತಾನೆ. ಫೋಟೋದಲ್ಲಿ ಯಾರು ಬಿದ್ದರು ಎಂದು ಇವನಿಗೇಕೆ?

"ಎಸೆನ್ ನಿಮಗೆ ಚೆನ್ನಾಗಿ ಪರಿಚಯವಿದ್ದನಾ?"

"ಒಂದು ವಾರದ ಪರಿಚಯ. ಬಾಯಲ್ಲಿ ಯಾವಾಗ್ಲೂ ಮೊಳೆ ಕಚ್ಚಿಕೊಂಡಿರ್ತಿದ್ದ, ಹೂಂ, ಊಹೂಂ ಅಷ್ಟೇ."

ಬಾಗಿಲು ಕಿರ್ರೆಂದಿತು.

ಬುರುಲ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀನ್ಯಾಕೆ ಬಂದೆ?" ಎಂದೆ, ಹೆದರಿಕೆಯಲ್ಲಿ ದನಿ ಗಡುಸಾಯಿತು.

"ಶೆರಿಪಣ್ಣನಿಗೆ ಹಲ್ಲೇ ಇಲ್ಲ ಜೂರಕ್ಕ. ಮೇಲೂ ಕೆಳಗೂ ಕಟ್ಟಿಸಿರೋ ಸೆಟ್ಟು. ಬೀದಿಗೆಲ್ಲ ಗೊತ್ತು." ಅವಳು ಗೋಡೆ ಹಿಡಿದುಕೊಂಡಳು. "ನೀವು ಸುಳ್ಳು ಹೇಳ್ತಿದೀರಿ ಅಂತ ಗೊತ್ತಾಯ್ತು. ಅದಕ್ಕೇ ಹಿಂದೆ ಬಂದೆ."

ಇಪ್ಪತ್ತಾರು ವರ್ಷದ ಅನುಭವವಂತೆ! ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರಲಿಲ್ಲ ನನಗೆ.

"ಎಸೆನ್ ಬದುಕಿದಾನಾ ಅಣ್ಣ?" ಅವಳು ಶೆರಿಪನನ್ನೇ ಕೇಳಿದಳು.

ಶೆರಿಪ್ ಅವಳ ಕಡೆ ನೋಡಲಾರದೆ ಹೌದೆಂದು ತಲೆಯಾಡಿಸಿದ. "ನನ್ನ ಕ್ಷಮಿಸಮ್ಮ. ನಿನ್ನ ಮುಂದೆ ದಿನಾ ಓಡಾಡಿದೀನಿ, ಒಂದು ಮಾತು ಹೇಳಲಿಲ್ಲ."

ಅವಳು ಕುಸಿದು ಕೂತಳು. ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮೊದಲು ಅಳು ಬಂತು, ಅದರ ಹಿಂದೆಯೇ ನಗು. ಎರಡನ್ನೂ ತಡೆಯಲಾರದೆ ಒದ್ದಾಡಿದಳು.

"ಒಬ್ಬನ್ನ ಕೊಂದಿದಾನೆ ಅಂತೀರಿ" ಎಂದಳು. "ದೊಡ್ಡ ಪಾಪ. ಗೊತ್ತು. ಆದ್ರೂ ಬದುಕಿದಾನಲ್ಲ ಜೂರಕ್ಕ. ಜೈಲಿಗೆ ಹೋಗ್ಲಿ, ಬುತ್ತಿ ಕಟ್ಕೊಂಡು ಹೋಗ್ತೀನಿ. ಬೇರೆಯವಳ ಜೊತೆ ಇದ್ರೂ ಇರ್ಲಿ. ಎಲ್ಲೋ ಒಂದು ಕಡೆ ಉಸಿರಾಡ್ತಿದಾನಲ್ಲ, ಸಾಕು ನನಗೆ."

ಅವಳ ಬೆನ್ನ ಮೇಲೆ ಕೈ ಇಟ್ಟೆ. ಯಾರನ್ನಾದರೂ ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತೋ, ನನ್ನ ಕೈಗೇ ಹೊಸತೆನಿಸಿತು. ಇಂಥ ಗಂಡನಿಗೆ ಇಂಥವಳು ಎಂದು ಸಿಟ್ಟು ಬಂತು. ಅವಳ ಸಂತೋಷ ಕಂಡು ನನಗೂ ಒಂದಿಷ್ಟು ಹಗುರವಾಯಿತು ಎನ್ನುವುದೂ ಸುಳ್ಳಲ್ಲ.

ಆಗ ಮೇಜಿನ ಮೇಲೆ ಜಾಮ್ ಬಾಟಲಿಯ ಪಕ್ಕದಲ್ಲಿದ್ದ ಶೆರಿಪನ ಫೋನು ಬಡಿದುಕೊಳ್ಳತೊಡಗಿತು.

ಮೂವರೂ ಅದನ್ನೇ ನೋಡಿದೆವು. ರಷ್ಯಾದ ನಂಬರು.

"ಅವನೇ" ಎಂದ ಶೆರಿಪ್.

"ಎತ್ತಿ. ಪ್ರತಿ ಸಲ ಹೇಗೋ ಹಾಗೇ ಮಾತಾಡಿ. ಸ್ಪೀಕರ್ ಹಾಕಿ. ಬುರುಲ್, ನೀನು ಉಸಿರೆತ್ತಬೇಡ. ಅವನು ಎಲ್ಲಿದಾನೆ ಅಂತ ಮೊದಲು ತಿಳೀಬೇಕು."

ಅವಳು ಹೂಂಗುಟ್ಟಿದಳು. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು, ಫೋನಿನ ಮೇಲೆ ಬಗ್ಗಿದಳು. ಕಣ್ಣು ಮುಚ್ಚಿಕೊಂಡಳು. ಒಂದು ವರ್ಷ ಕಳೆದ ಮೇಲೆ ಅವನ ದನಿ ಕೇಳುವವಳು ಅವಳು. ನನಗೆ ಅವಳ ಮುಖ ನೋಡುವುದೇ ತಪ್ಪೆನಿಸಿತು, ಆದರೂ ನೋಡಿದೆ.

"ಸಲಾಂ" ಎಂದ ಶೆರಿಪ್.

"ಸಲಾಂ ಅಣ್ಣ." ಮೆತ್ತನೆಯ, ಮರ್ಯಾದೆಯ ದನಿ. "ಆರೋಗ್ಯವಾ? ನಮಾಜು ಮುಗೀತಾ?"

"ಮುಗೀತಪ್ಪ, ಈಗ ಬಂದೆ."

"ಬುರುಲ್ ಇವತ್ತೂ ನಿಂತಿದ್ಲಾ?"

"ನಿಂತಿದ್ಲು."

"ವರ್ಷ ಆಯ್ತಲ್ಲ, ಇನ್ನೂ ಸಾಕಾಗಿಲ್ವಾ ಅವಳಿಗೆ? ಆ ಹಳೆ ಫೋಟೋಗಳನ್ನೆಲ್ಲ ಎಲ್ಲಿಟ್ಟಿದಾಳೆ ಅಂತ ಗೊತ್ತಾ ಅಣ್ಣ?"

ಬುರುಲ್ ಕಣ್ಣು ತೆರೆದಳು.

ಮುಖದಲ್ಲಿ ಆಗಷ್ಟೇ ಇದ್ದ ಬೆಳಕೆಲ್ಲ ಆರಿಹೋಗಿತ್ತು. ಅವಳು ನನ್ನ ಕಡೆ ತಿರುಗಿದಳು. ಉಸಿರೆತ್ತಬೇಡ ಎಂದದ್ದು ಮರೆತೇಹೋಗಿತ್ತು ಅವಳಿಗೆ.

"ಇದು ಎಸೆನ್ ಅಲ್ಲ" ಎಂದಳು, ಗಟ್ಟಿಯಾಗಿ.

ಫೋನಿನಲ್ಲಿ ಮಾತು ನಿಂತಿತು.

ಶೆರಿಪ್ ಬಾಯಿ ತೆರೆದು ನನ್ನನ್ನು ನೋಡಿದ. ಆಮೇಲೆ, ಅಲ್ಲಿಯವರೆಗೆ ಬೆನ್ನು ಹಾಕಿ ಕೂತಿದ್ದವನು, ಮೆಲ್ಲಗೆ ಕಿಟಕಿಯ ಕಡೆ ತಿರುಗಿದ. "ಯಾ ಅಲ್ಲಾ" ಎಂದ. "ನನಗೆ ಎಸೆನ್ ಅಂತಲೇ ಹೇಳಿದ್ನಲ್ಲ... ಹಂಗಾದ್ರೆ ಅಲ್ಲಿ..."

"ಬಾಯಿ ಮುಚ್ಚಿ" ಎಂದೆ. ತಡವಾಗಿತ್ತು.

ಫೋನು ಕಟ್ಟಾಗಿರಲಿಲ್ಲ. ಅತ್ತ ಕಡೆ ಯಾರೋ ಉಸಿರಾಡುವುದು ಕೇಳುತ್ತಿತ್ತು. ಆಮೇಲೆ ಅದೇ ಮೆತ್ತನೆಯ ದನಿ, ಮನೆಯವರಂತೆ ಸಲಿಗೆಯಿಂದ:

"ಬುರುಲ್, ನಾಳೆಯಿಂದ ಫೋಟೋ ಬೇಡಮ್ಮ. ಚಳಿ ಜಾಸ್ತಿಯಾಗ್ತಿದೆ, ಬೆಚ್ಚಗೆ ಮನೇಲಿರು."

ಫೋನು ಕಟ್ಟಾಯಿತು.

"ಯಾರದು? ದನಿ ಗುರುತು ಸಿಕ್ತಾ? ನಿನ್ನ ಹೆಸರು ಹಿಡಿದು ಕರೆದನಲ್ಲ, ಯೋಚನೆ ಮಾಡು ಬುರುಲ್!" ನಾನು ಅವಳ ಭುಜ ಹಿಡಿದು ಅಲುಗಿಸಿದೆ.

ಅವಳು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಎದ್ದು ಕಿಟಕಿಯ ಹತ್ತಿರ ಹೋದಳು. ಹಣೆಯನ್ನು ಗಾಜಿಗೆ ಒತ್ತಿ ಬೇಲಿಯನ್ನೇ ನೋಡುತ್ತ ನಿಂತಳು. ತಿರುಗದೆಯೇ ಕೇಳಿದಳು:

"ಶೆರಿಪಣ್ಣ, ಆ ಸಿಮೆಂಟು ಒಡೆಯೋಕೆ ಎಷ್ಟು ಹೊತ್ತು ಬೇಕು?"